ಫಲಕ ಹಾಕಲಾಗದ ದಾನಗಳಿಗೊಂದು ವಂದನೆ

ಎಲ್ಲರಿಗೂ ನಮಸ್ಕಾರ.

ಮೊದಲು ಸುದ್ದಿ. ನಮ್ಮ ಸಮುದಾಯ ಕೇಂದ್ರ ಮುಚ್ಚುವುದಿಲ್ಲ. ಮುಂದಿನ ವರ್ಷದ ಆಯವ್ಯಯಕ್ಕೆ ಆಡಳಿತ ಮಂಡಳಿ ಒಪ್ಪಿಗೆ ಕೊಟ್ಟಿದೆ, ಬಾಕಿಗಳು ತೀರಿವೆ, ದೊಡ್ಡ ಸಭಾಂಗಣದ ಚಾವಣಿ ಸೋರುವುದು ನಿಂತಿದೆ. ಇಂಥದ್ದೊಂದು ಪತ್ರ ಬರೆಯುವ ದಿನ ಬರುತ್ತದೆ ಎಂದು ಕಳೆದ ವರ್ಷ ಯಾರಾದರೂ ಹೇಳಿದ್ದರೆ ನಾನು ನಯವಾಗಿ ಮಾತು ಬದಲಿಸುತ್ತಿದ್ದೆ.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡೇ ಮಾತು. ನಮ್ಮ ಖರ್ಚಿನ ಅರ್ಧಕ್ಕಿಂತ ಹೆಚ್ಚನ್ನು ಹೊರುತ್ತಿದ್ದ ಒಂದು ಅನುದಾನ ನಿಂತುಹೋಯಿತು. ಕೊಡುತ್ತಿದ್ದವರ ಆದ್ಯತೆ ಬದಲಾಗಿತ್ತು. ಪತ್ರವೇನೋ ಸಭ್ಯವಾಗಿಯೇ ಇತ್ತು. ಅದೇ ಹೊತ್ತಿಗೆ ಚಾವಣಿಯೂ ಕೈಕೊಟ್ಟಿತು. ಆಮೇಲಿನದ್ದನ್ನು ನೀವೆಲ್ಲ ಸೇರಿ ನಿಭಾಯಿಸಿದಿರಿ.

ಎಲ್ಲರಿಗೂ ವಂದನೆ ಹೇಳಲೇಬೇಕು, ಹೇಳುತ್ತೇನೆ. ಆದರೆ ಈ ಪತ್ರದ ಬಹುಪಾಲು ಒಂದು ಬಗೆಯ ದಾನಿಗಳಿಗೆ ಮೀಸಲು. ಕಟ್ಟಡಕ್ಕೆ ಕೊಟ್ಟರೆ ಗೋಡೆಯ ಮೇಲೆ ಹೆಸರು ಬರುತ್ತದೆ. ಪುಸ್ತಕ ಕೊಟ್ಟರೆ ಒಳಪುಟದಲ್ಲಿ ಮುದ್ರೆ ಬೀಳುತ್ತದೆ. ಕುರ್ಚಿ ಕೊಟ್ಟರೆ ಬೆನ್ನಿನ ಮೇಲೆ ಬಣ್ಣದಲ್ಲಿ ಬರೆಸಬಹುದು. ವಿದ್ಯುತ್ ಬಿಲ್ಲು ಕಟ್ಟಿದವರ ಹೆಸರನ್ನು ಎಲ್ಲಿ ಬರೆಸುವುದು? ವಿಮೆಯ ಕಂತು, ಶೌಚಾಲಯದ ಸ್ವಚ್ಛತೆ, ಲೆಕ್ಕಪರಿಶೋಧಕರ ಶುಲ್ಕ, ಸುಟ್ಟುಹೋದ ಪಂಪಿನ ರಿಪೇರಿ, ಸಂಜೆ ಬಾಗಿಲು ಹಾಕುವವರ ಸಂಬಳ, ಇವಕ್ಕೆ ಫಲಕವಿಲ್ಲ. ಉದ್ಘಾಟನೆಯೂ ಇಲ್ಲ, ಫೋಟೋವೂ ಇಲ್ಲ. ಅವಕ್ಕೆ ಕೊಟ್ಟವರೇ ನಮ್ಮನ್ನು ಉಳಿಸಿದವರು.

ಹೊರಗಿನವರಿಗೆ ವಿಚಿತ್ರ ಅನ್ನಿಸಬಹುದು. ಕೇಂದ್ರ ಇನ್ನೇನು ಮುಚ್ಚಬೇಕು ಅನ್ನುವ ತಿಂಗಳಲ್ಲೂ ನಮ್ಮ ಬ್ಯಾಂಕ್ ಖಾತೆಯಲ್ಲಿ ಹಣವಿತ್ತು, ಸಾಕಷ್ಟೇ ಇತ್ತು. ಆದರೆ ಅದರಲ್ಲಿ ಹೆಚ್ಚಿನದು ಕಂಪ್ಯೂಟರ್ ಕೊಳ್ಳಲೆಂದೇ ಬಂದದ್ದು. ಒಂದು ಉದ್ದೇಶಕ್ಕೆಂದು ಬಂದ ಹಣವನ್ನು ಇನ್ನೊಂದಕ್ಕೆ ತಿರುಗಿಸುವಂತಿಲ್ಲ. ದಾನಿಗೆ ಕೊಟ್ಟ ಮಾತಿದೆ, ಲೆಕ್ಕಪರಿಶೋಧಕರ ಕಣ್ಣಿದೆ, ಎರಡೂ ಅಡ್ಡ ಬರುತ್ತವೆ, ಬರಲೂಬೇಕು. ಹೀಗಾಗಿ ಹೊಸ ಕಂಪ್ಯೂಟರುಗಳು ಬರುವುದು ಖಾತ್ರಿಯಿತ್ತು, ಅವು ಬಂದಾಗ ಕಟ್ಟಡದಲ್ಲಿ ಕರೆಂಟ್ ಇರುತ್ತದೋ ಇಲ್ಲವೋ ಅನ್ನುವುದು ಖಾತ್ರಿಯಿರಲಿಲ್ಲ. ಇನ್ನೊಂದು ಅನುದಾನ ಮಂಜೂರಾಗಿತ್ತು. ಅದು ಖರ್ಚು ಮಾಡಿ ರಸೀದಿ ಕಳಿಸಿದ ಮೇಲೆ ಕೈಸೇರುವ ಬಗೆಯದು. ಮೊದಲು ಖರ್ಚು ಮಾಡಲು ಕೈಯಲ್ಲಿ ಕಾಸಿರಬೇಕಲ್ಲ!

ಆಗ ನಮ್ಮ ಖಜಾಂಚಿ ಮಾಡಿದ ಕೆಲಸವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಆಕೆ ವರ್ಷದ ಬಜೆಟನ್ನು ಬದಿಗಿಟ್ಟು, ಉದ್ದನೆಯ ಹಾಳೆಯೊಂದರಲ್ಲಿ ಮುಂದಿನ 13 ವಾರಗಳಿಗೆ ಒಂದೊಂದು ಚೌಕ ಬರೆದರು. ಯಾವ ವಾರ ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ, ವಾರಾಂತ್ಯಕ್ಕೆ ಕೈಯಲ್ಲಿ ಉಳಿಯುವುದೆಷ್ಟು. ಹೆಚ್ಚುಕಮ್ಮಿ ಎಲ್ಲ ಪೆನ್ಸಿಲಿನಲ್ಲಿ. ‘ಬರಬಹುದು’ ಎಂದು ಯಾರಾದರೂ ಹೇಳಿದ ಹಣಕ್ಕೆ ಆ ಹಾಳೆಯಲ್ಲಿ ಜಾಗವೇ ಇರಲಿಲ್ಲ; ‘ಕಳಿಸಿದ್ದೇನೆ’ ಅಂದರೂ ಬ್ಯಾಂಕಿನಲ್ಲಿ ಕಾಣುವ ತನಕ ಇರಲಿಲ್ಲ. ಪ್ರತಿ ಸೋಮವಾರ ಒಂದು ವಾರ ಅಳಿಸಿ, ಕೊನೆಗೊಂದು ಹೊಸ ವಾರ ಸೇರಿಸುತ್ತಿದ್ದರು. ಅಳಿಸಿ ಅಳಿಸಿ ಹಾಳೆಯ ಎಡತುದಿ ತೆಳ್ಳಗಾಗಿ ಹರಿದು, ಅಂಟುಪಟ್ಟಿ ಹಚ್ಚಿದ್ದರು. ವರ್ಷದ ಬಜೆಟ್ ನೋಡಿದರೆ ನಾವು ಹೇಗೋ ದಡ ಸೇರುತ್ತಿದ್ದೆವು. ಈ ಹಾಳೆ ನೋಡಿದರೆ ಏಳನೆಯ ವಾರವೇ ಸಂಬಳಕ್ಕೆ ಹಣವಿರಲಿಲ್ಲ. ಕೇಂದ್ರಗಳು ಮುಚ್ಚುವುದು ಬಹುಮಟ್ಟಿಗೆ ಇಂಥ ಒಂದು ವಾರದಲ್ಲಿ. ವರ್ಷದ ಲೆಕ್ಕ ಸರಿಯಿದ್ದೂ ಮುಚ್ಚುತ್ತವೆ.

ಆ ಏಳನೆಯ ವಾರವನ್ನು ದಾಟಿಸಿದವರು ತಿಂಗಳ ದಾನಿಗಳು. ಹನಿಗೂಡಿದರೆ ಹಳ್ಳ ಅನ್ನುವುದು ಎಲ್ಲರಿಗೂ ಬಾಯಿಪಾಠ. ಆದರೆ ಹನಿ ಯಾವ ತಾರೀಖಿಗೆ ಬೀಳುತ್ತದೆ ಅನ್ನುವುದು ಖಜಾಂಚಿಯ ಪ್ರಶ್ನೆ. ವರ್ಷಕ್ಕೊಮ್ಮೆ ಉದಾರವಾಗಿ ಕೊಡುವವರ ಬಗ್ಗೆ ನನಗೆ ಗೌರವ ಕಡಿಮೆಯೇನಿಲ್ಲ. ಆದರೂ ಪ್ರತಿ ತಿಂಗಳು ಒಂದೇ ದಿನ, ಅಷ್ಟೇ ಮೊತ್ತ, ‘ಯಾವುದಕ್ಕೆ ಬೇಕೋ ಅದಕ್ಕೆ ಬಳಸಿ’ ಎಂಬ ಒಂದೇ ಸಾಲಿನ ಜೊತೆ ಬರುವ ಹಣವಿದೆಯಲ್ಲ, ಅದರ ತೂಕ ಬೇರೆ. ಅದನ್ನು ನಂಬಿ ಮುಂದಿನ ತಿಂಗಳ ತರಗತಿ ಪ್ರಕಟಿಸಬಹುದು. ಅದನ್ನು ನಂಬಿ ಒಬ್ಬರಿಗೆ ‘ನಿಮ್ಮ ಕೆಲಸ ಇರುತ್ತದೆ’ ಎಂದು ಹೇಳಬಹುದು. ನಿಮ್ಮಲ್ಲಿ ಕೆಲವರು ತೀರ ಚಿಕ್ಕ ಮೊತ್ತ ಕಳಿಸುತ್ತ ಪ್ರತಿಸಲವೂ ಸಂಕೋಚಪಟ್ಟುಕೊಂಡಿದ್ದೀರಿ. ದಯವಿಟ್ಟು ಬಿಡಿ. ಖಜಾಂಚಿಯ ಹಾಳೆಯಲ್ಲಿ ಪೆನ್ನಿನಿಂದ ಬರೆದಿದ್ದ ಸಾಲು ನಿಮ್ಮದೊಂದೇ.

‘ಕೊಟ್ಟದ್ದರಲ್ಲಿ ಎಷ್ಟು ಪಾಲು ಆಡಳಿತಕ್ಕೆ ಹೋಗುತ್ತದೆ?’ ಎಂಬ ಪ್ರಶ್ನೆಯನ್ನು ನಾವು ಬೇಕಾದಷ್ಟು ಎದುರಿಸಿದ್ದೇವೆ. ಕೇಳುವುದು ತಪ್ಪಲ್ಲ. ಆದರೆ ಆ ಶೇಕಡಾವಾರು ಕಡಿಮೆಯಾದಷ್ಟೂ ಸಂಸ್ಥೆ ಒಳ್ಳೆಯದು ಎಂಬ ನಂಬಿಕೆ ಬಹಳ ಕಡೆ ಹಾನಿ ಮಾಡಿದೆ. ಅಮೆರಿಕದಲ್ಲಿ ದಾನ ಸಂಸ್ಥೆಗಳ ಮಾಹಿತಿ ಕೊಡುವ, ಅವನ್ನು ಅಳೆಯುವ ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್ ಮತ್ತು ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್ ಎಂಬ ಮೂರು ಸಂಸ್ಥೆಗಳೇ 2013ರಲ್ಲಿ ಜೊತೆಗೂಡಿ ದಾನಿಗಳಿಗೆ ಬಹಿರಂಗ ಪತ್ರ ಬರೆದು, ಆಡಳಿತ ವೆಚ್ಚದ ಪ್ರಮಾಣವೊಂದನ್ನೇ ನೋಡಿ ಸಂಸ್ಥೆಯನ್ನು ಅಳೆಯಬೇಡಿ ಎಂದು ಕೇಳಿಕೊಂಡವು. ಮಕ್ಕಳ ಕೋಣೆಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು ಎಂಬ ನಿಯಮ ನಮ್ಮಲ್ಲಿದೆ. ಆ ಎರಡನೆಯವರು ಕಾಗದದ ಮೇಲೆ ‘ಹೆಚ್ಚುವರಿ ಖರ್ಚು’. ಅವರನ್ನು ತೆಗೆದರೆ ನಮ್ಮ ಅಂಕಿ ಚೆಂದವಾಗುತ್ತದೆ. ತೆಗೆಯುವುದಿಲ್ಲ. ಇದನ್ನು ಸಭೆಯಲ್ಲಿ ವಿವರಿಸಿದಾಗ ಹೆಚ್ಚು ವಾದಿಸದೆ ಒಪ್ಪಿಕೊಂಡ ದಾನಿಗಳಿಗೆ, ಮತ್ತು ಚೆನ್ನಾಗಿ ವಾದಿಸಿ ಆಮೇಲೆ ಒಪ್ಪಿಕೊಂಡ ಒಬ್ಬರಿಗೆ, ವಂದನೆ.

ಒಂದೇ ಕಂಬಕ್ಕೆ ಒರಗಿ ನಿಲ್ಲುವ ಅಪಾಯ ನಮ್ಮೊಬ್ಬರದ್ದಲ್ಲ. ಸಮುದಾಯ ಕೇಂದ್ರಗಳ ಚರಿತ್ರೆಯಲ್ಲಿ ಎರಡು ಹೆಸರು ಮತ್ತೆ ಮತ್ತೆ ಬರುತ್ತವೆ: ಲಂಡನ್ನಿನ ಬಡ ಕೇರಿಯಲ್ಲಿ 1884ರಲ್ಲಿ ಶುರುವಾದ ಟಾಯ್ನ್‌ಬಿ ಹಾಲ್ ಮತ್ತು ಅದನ್ನು ಕಂಡು ಬಂದ ಅಮೆರಿಕದ ಸಮಾಜಸೇವಕಿ ಜೇನ್ ಆಡಮ್ಸ್, ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಜೊತೆ ಶಿಕಾಗೋದಲ್ಲಿ 1889ರಲ್ಲಿ ತೆರೆದ ಹಲ್ ಹೌಸ್. ಶಿಶುವಿಹಾರ, ಸಂಜೆ ತರಗತಿ, ವ್ಯಾಯಾಮ ಶಾಲೆ, ವಲಸೆ ಬಂದವರಿಗೆ ಭಾಷೆ, ಎಲ್ಲ ವಯಸ್ಸಿನವರಿಗೆ ಒಂದೇ ಅಂಗಳ. ಆಡಮ್ಸ್ ಅವರಿಗೆ 1931ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ಅಂಥ ಪರಂಪರೆಯ ಹಲ್ ಹೌಸಿನ ಕೆಲಸವನ್ನು ಮುಂದುವರಿಸಿಕೊಂಡು ಬಂದಿದ್ದ ಸಂಘ, ಬಹುಪಾಲು ಸರ್ಕಾರಿ ಹಣವನ್ನೇ ನೆಚ್ಚಿಕೊಂಡು, 2012ರ ಜನವರಿಯಲ್ಲಿ ಹಣವಿಲ್ಲದೆ ಬಾಗಿಲು ಹಾಕಿತು. ಹಳೆಯ ಮನೆ ಈಗ ವಸ್ತುಸಂಗ್ರಹಾಲಯ. ನಮ್ಮ ಅನುದಾನ ನಿಂತ ವಾರ ಆಡಳಿತ ಮಂಡಳಿಯಲ್ಲಿ ಯಾರೋ ಈ ಕಥೆ ಎತ್ತಿದರು. ಸಮಾಧಾನಕ್ಕೆ ಹೇಳಿದರೋ ಹೆದರಿಸಲು ಹೇಳಿದರೋ ಇನ್ನೂ ತಿಳಿದಿಲ್ಲ. ಆದರೆ ಅದೇ ಸಭೆಯಲ್ಲಿ ಒಂದು ನಿರ್ಣಯವಾಯಿತು: ಇನ್ನು ಮುಂದೆ ಯಾವ ಒಂದೇ ಮೂಲವೂ ನಮ್ಮ ಆದಾಯದ ಮೂರರಲ್ಲೊಂದು ಪಾಲನ್ನು ಮೀರಬಾರದು. ಅದರ ಜೊತೆಗೆ ಮೂರು ತಿಂಗಳ ಖರ್ಚಿನಷ್ಟು ಆಪದ್ಧನ ಕಟ್ಟಬೇಕು. ಮೂರರಿಂದ ಆರು ತಿಂಗಳು ಇರಬೇಕು ಎಂಬುದು ಸಾಮಾನ್ಯ ರೂಢಿ. ನಾವು ಸದ್ಯಕ್ಕೆ ಒಂದು ತಿಂಗಳನ್ನಷ್ಟೇ ಮುಟ್ಟಿದ್ದೇವೆ.

ಹಣದ ಮಾತು ಸಾಕು. ಜಾಗ ಬಿಟ್ಟುಕೊಟ್ಟವರನ್ನು ನೆನೆಯಬೇಕು.

ಎಲ್ಲ ವಯಸ್ಸಿನವರಿಗೂ ತೆರೆದ ಕೇಂದ್ರ ಎಂದು ಬೋರ್ಡ್ ಬರೆಯುವುದು ಸುಲಭ, ವೇಳಾಪಟ್ಟಿ ಬರೆಯುವುದು ಕಷ್ಟ. ಸಂಜೆ ನಾಲ್ಕರಿಂದ ಆರರವರೆಗೆ ಎಲ್ಲರಿಗೂ ಅದೇ ಸಭಾಂಗಣ ಬೇಕು. ಶಾಲೆ ಬಿಟ್ಟ ಮಕ್ಕಳಿಗೆ ಓಡಾಡಲು ಬೇಕು. ಹಿರಿಯರ ಚೆಸ್ ಗುಂಪಿಗೆ ಬೆಳಕಿರುವಾಗಲೇ ಮನೆ ಸೇರಬೇಕು, ಹಾಗಾಗಿ ಅದೇ ಹೊತ್ತು ಬೇಕು. ಬಾಡಿಗೆ ಕೊಟ್ಟು ನೃತ್ಯ ತರಗತಿ ನಡೆಸುವವರಿಗೂ ಅದೇ ಹೊತ್ತು ಬೇಕು. ಕಷ್ಟದ ತಿಂಗಳುಗಳಲ್ಲಿ ನಮಗೆ ಆ ಬಾಡಿಗೆ ಬೇಕೇ ಬೇಕಿತ್ತು, ಏಕೆಂದರೆ ಉಚಿತ ತರಗತಿಗಳ ಖರ್ಚು ಹುಟ್ಟುವುದು ಬಾಡಿಗೆಯ ಗಂಟೆಗಳಿಂದಲೇ. ಚೆಸ್ ಗುಂಪಿನವರು ತಾವಾಗಿಯೇ ಬಂದು, ‘ನಾವು ಮೆಟ್ಟಿಲ ಪಕ್ಕದ ಕೋಣೆಗೆ ಹೋಗುತ್ತೇವೆ, ಆದರೆ ಅಲ್ಲಿ ದೀಪ ಸರಿಮಾಡಿಸಿ’ ಅಂದರು. ದೀಪ ಸರಿಮಾಡಿಸಿದೆವು. ಆ ಕೋಣೆಗೆ ಗಾಜಿನ ಬಾಗಿಲಿದೆ. ಹೊರಗೆ ಸರದಿ ಕಾಯುವ ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡತೊಡಗಿದರು, ಆಮೇಲೆ ಒಳಗೆ ನುಗ್ಗಿದರು. ಈಗ ಅಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳು ಎಪ್ಪತ್ತು ದಾಟಿದವರನ್ನು ಸೋಲಿಸುತ್ತಾಳೆ, ಸೋಲಿಸಿದ ಮೇಲೆ ಎಲ್ಲಿ ತಪ್ಪಿದಿರಿ ಎಂದು ವಿವರಿಸುತ್ತಾಳೆ. ಹಿರಿಯರಲ್ಲಿ ಇಬ್ಬರು ಈ ವಿವರಣೆಯ ಬಗ್ಗೆ ನನ್ನಲ್ಲಿ ದೂರು ಕೊಟ್ಟಿದ್ದಾರೆ. ದೂರನ್ನು ದಾಖಲಿಸಿಕೊಂಡಿದ್ದೇನೆ.

ಹದಿಹರೆಯದವರ ಬಗ್ಗೆಯೂ ಒಂದು ಮಾತು. ಅವರಿಗೆ ಸಂಜೆ ಕೋಣೆ ಬಿಟ್ಟುಕೊಡುವುದು ದಂಡದ ಖರ್ಚು, ಗಲಾಟೆ ಮಾಡುತ್ತಾರೆ, ಅದನ್ನೂ ಬಾಡಿಗೆಗೆ ಕೊಡಿ ಎಂಬ ಸಲಹೆ ಬಂದಿತ್ತು. ಒಂಟಿತನ ಅಂದ ಕೂಡಲೇ ಎಲ್ಲರಿಗೂ ಮುಪ್ಪು ನೆನಪಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಾಮಾಜಿಕ ಸಂಬಂಧಗಳ ಬಗ್ಗೆಯೇ ಒಂದು ಆಯೋಗ ರಚಿಸಿತು. ಅದರ ವರದಿ 2025ರ ಜೂನ್‌ನಲ್ಲಿ ಬಂತು. ಲೋಕದಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ, 13ರಿಂದ 29 ವಯಸ್ಸಿನವರಲ್ಲಿ ಶೇ 17ರಿಂದ 21ರಷ್ಟು ಮಂದಿ ತಮ್ಮನ್ನು ಒಂಟಿ ಎಂದುಕೊಂಡಿದ್ದಾರೆ, ಅದರಲ್ಲೂ ಹದಿಹರೆಯದವರೇ ಮುಂದೆ ಎಂದು ಅದು ಹೇಳಿತು. ಆ ಪುಟವನ್ನು ಮುದ್ರಿಸಿ ಸಭೆಗೆ ತಂದ ಗ್ರಂಥಾಲಯದ ಸ್ವಯಂಸೇವಕರಿಗೆ ನಾನು ಋಣಿ. ಕೋಣೆ ಉಳಿಯಿತು. ಗಲಾಟೆಯೂ ಉಳಿದಿದೆ, ಅದು ಬೇರೆ ವಿಷಯ. ಅದೇ ಹುಡುಗರು ಚಾವಣಿ ಕೆಲಸದ ದಿನಗಳಲ್ಲಿ ಕಪಾಟುಗಳನ್ನು ಖಾಲಿ ಮಾಡಿ, ಹೊತ್ತು, ಮತ್ತೆ ಜೋಡಿಸಿದರು. ಜೋಡಿಸುವಾಗ ಪುಸ್ತಕಗಳನ್ನು ಬಣ್ಣದ ಪ್ರಕಾರ ಇಟ್ಟರು. ನೋಡಲು ಚೆಂದವಾಗಿದೆ, ಹುಡುಕಿದ್ದು ಸಿಗುವುದಿಲ್ಲ.

ಸಿಬ್ಬಂದಿಯ ವಿಷಯಕ್ಕೆ ಬರುತ್ತೇನೆ. ಇಂಥ ಪತ್ರಗಳಲ್ಲಿ ‘ಸಂಬಳವಿಲ್ಲದಿದ್ದರೂ ನಗುನಗುತ್ತ ದುಡಿದರು’ ಎಂದು ಬರೆಯುವ ವಾಡಿಕೆಯಿದೆ. ನನಗದು ಇಷ್ಟವಿಲ್ಲ. ನಮ್ಮವರು ನಗುನಗುತ್ತ ದುಡಿಯಲಿಲ್ಲ. ಸಂಬಳ ಯಾವ ದಿನ ಬರುತ್ತದೆ ಎಂದು ನೇರವಾಗಿ ಕೇಳಿದರು, ಬರಹದಲ್ಲಿ ಕೊಡಿ ಎಂದರು. ಕೊಟ್ಟೆವು. ಮಂಡಳಿ ಎಲ್ಲ ಬಾಕಿಗಳಿಗಿಂತ ಸಂಬಳವನ್ನು ಮೊದಲಿಟ್ಟಿತು, ಒಂದು ದಿನವೂ ತಡವಾಗಲಿಲ್ಲ. ತಮ್ಮ ಹಕ್ಕನ್ನು ಹಾಗೆ ಕೇಳಿದ್ದಕ್ಕೇ ಅವರಿಗೆ ವಂದನೆ. ಕೇಳದಿದ್ದರೆ ನಾವು ಆ ದಿನಾಂಕಗಳನ್ನು ಅಷ್ಟು ಬಿಗಿಯಾಗಿ ಹಿಡಿಯುತ್ತಿದ್ದೆವೋ ಇಲ್ಲವೋ.

ಚಾವಣಿ ಗುತ್ತಿಗೆದಾರರು ಕಂತುಗಳಲ್ಲಿ ಹಣ ತೆಗೆದುಕೊಂಡರು. ನೆರೆಯ ಕಟ್ಟಡದವರು ಕೆಲಸ ಮುಗಿಯುವ ತನಕ ಹಸುಗೂಸುಗಳ ತರಗತಿಗೆ ಜಾಗ ಕೊಟ್ಟರು. ಕಂಪ್ಯೂಟರ್ ಹಣ ಕೊಟ್ಟಿದ್ದ ದಾನಿ ಸಂಸ್ಥೆ ಅದರಲ್ಲಿ ಒಂದು ಪಾಲನ್ನು ವಿದ್ಯುತ್ತಿಗೆ ಬಳಸಲು ಲಿಖಿತ ಒಪ್ಪಿಗೆ ಕೊಟ್ಟಿತು. ಕೇಳಿದರೆ ಕೊಡುತ್ತಾರೆ ಎಂಬುದು ನಮಗೂ ಹೊಸ ವಿಷಯ.

ಇನ್ನು ಒಂದು ವಿಚಿತ್ರ ವಂದನೆ. ನಾವು ಅರ್ಜಿ ಹಾಕಿದ ಸಂಸ್ಥೆಗಳಲ್ಲಿ ಒಂದು, ‘ನಿಮ್ಮ ಕೆಲಸ ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಎರಡೇ ದಿನದಲ್ಲಿ ತಿಳಿಸಿತು. ಬೇಗ ಬರುವ ‘ಇಲ್ಲ’ ಎಂಥ ಉಪಕಾರ ಅನ್ನುವುದು ಅರ್ಜಿ ಬರೆದವರಿಗಷ್ಟೇ ಗೊತ್ತು. ನಾಲ್ಕು ತಿಂಗಳು ‘ಪರಿಶೀಲನೆಯಲ್ಲಿದೆ’ ಅಂದು ಆಮೇಲೆ ಕೈಬಿಟ್ಟವರ ಹೆಸರು ಇಲ್ಲಿ ಬೇಡ.

ಕೊನೆಯದಾಗಿ ಕೆಲಸದ ಮಾತು. ಪರಿಶೋಧನೆಯಾದ ಲೆಕ್ಕಪತ್ರ ಪ್ರವೇಶದ್ವಾರದ ಫಲಕದಲ್ಲಿದೆ, ಪ್ರತಿ ಬೇಕಾದವರು ಕಚೇರಿಯಲ್ಲಿ ಕೇಳಿ ಪಡೆಯಬಹುದು. ವಾರ್ಷಿಕ ಸಭೆಯಲ್ಲಿ ಪ್ರಶ್ನೆ ಕೇಳುವವರು ಎರಡು ದಿನ ಮುಂಚೆ ಬರೆದುಕೊಟ್ಟರೆ ಖಜಾಂಚಿಗೆ ಕಾಗದ ಹುಡುಕಿಡಲು ಅನುಕೂಲ. ಶಿಶುವಿಹಾರಕ್ಕೆ ಇನ್ನು ಗೊಂಬೆಗಳು ಬೇಡ, ಇಡಲು ಜಾಗವಿಲ್ಲ. ಪುಸ್ತಕಗಳನ್ನು ವಿಷಯದ ಪ್ರಕಾರ ಮರುಜೋಡಿಸಲು ಮೂರು ಜನ ಬೇಕು, ಬುಧವಾರ ಸಂಜೆ ಬಾಗಿಲು ಹಾಕುವ ಪಾಳಿಗೆ ಒಬ್ಬರು ಬೇಕು. ಮುಖ್ಯದ್ವಾರದ ಬೀಗ ಸ್ವಲ್ಪ ಹಠಮಾರಿ, ತೋರಿಸಿಕೊಡುತ್ತೇವೆ.