ಗಾಡಿ ಓಡಾಡದ ದಾರಿಗೆ ಗಾಡಿ ಖರ್ಚು ಯಾಕೆ? ನಮ್ಮ ಗ್ರಾಹಕರಿಗೊಂದು ಪತ್ರ

ಆತ್ಮೀಯರೇ,

ನೇರವಾಗಿ ವಿಷಯಕ್ಕೆ ಬರುತ್ತೇವೆ. ಬರುವ ಮೇ ತಿಂಗಳಿಂದ ನಮ್ಮ ಫ್ರಾನ್ಸ್ ಸೈಕಲ್ ಪ್ರವಾಸ ದಕ್ಷಿಣ ಫ್ರಾನ್ಸಿನ ಕನಾಲ್ ದ್ಯು ಮಿದಿ ಅನ್ನುವ ಕಾಲುವೆಯ ದಡದಲ್ಲಿ ಇರುವುದಿಲ್ಲ. ವಾಯವ್ಯ ಫ್ರಾನ್ಸಿನ ಬ್ರಿಟಾನಿಗೆ ಹೋಗುತ್ತಿದ್ದೇವೆ, ನಾಂತ್-ಬ್ರೆಸ್ತ್ ಕಾಲುವೆಯ ಪಕ್ಕದ ಜಲ್ಲಿ ದಾರಿಗೆ. ದರ ತಲೆಗೆ 18,000 ರೂಪಾಯಿ ಜಾಸ್ತಿ. ಇದನ್ನು ವಾಟ್ಸಾಪ್ ಗ್ರೂಪ್‌ನಲ್ಲಿ ಚುಟುಕಾಗಿ ಹಾಕಿದ್ದೆವು. ಬಂದ ಉತ್ತರಗಳನ್ನು ಓದಿದ ಮೇಲೆ ಉದ್ದಕ್ಕೇ ಬರೆಯಬೇಕು ಅನ್ನಿಸಿತು. "ನೀವೂ ದೊಡ್ಡ ಟ್ರಾವೆಲ್ಸ್‌ನವರ ದಾರಿ ಹಿಡಿದಿರಿ" ಅಂತ ಒಬ್ಬರು ಬರೆದಿದ್ದರು. ಚುಚ್ಚಿತು, ಸುಳ್ಳು ಯಾಕೆ ಹೇಳೋಣ.

ಮಿದಿ ಅಂದರೆ ನಮಗೂ ಜೀವ. 1666ರಿಂದ 1681ರವರೆಗೆ ತೋಡಿದ, ತುಲೂಸ್‌ನಿಂದ ಸಮುದ್ರದ ಕಡೆಗೆ 240 ಕಿ.ಮೀ ಹರಿಯುವ ಆ ಕಾಲುವೆಯನ್ನು, ಎರಡೂ ದಡದ ಪ್ಲೇನ್ (ಚಿನಾರ್ ಜಾತಿಯ) ಮರಗಳ ನೆರಳನ್ನು ನಿಮ್ಮಲ್ಲಿ ಎಷ್ಟೋ ಜನ ನೋಡಿದ್ದೀರಿ. ಆ ನೆರಳೇ ಈಗ ಕಡಿಮೆಯಾಗುತ್ತಿದೆ. ಮರಗಳಿಗೆ ಕ್ಯಾಂಕರ್ ಅನ್ನುವ ಶಿಲೀಂಧ್ರ ರೋಗ ಹತ್ತಿದೆ. ಕಾಲುವೆಯ ಮೇಲೆ ಅದು ಮೊದಲು ಕಂಡಿದ್ದು 2006ರಲ್ಲಿ. ಔಷಧಿ ಇಲ್ಲ. ರೋಗ ಬಂದ ಮರವನ್ನೂ ಅದರ ಅಕ್ಕಪಕ್ಕದವನ್ನೂ ಕಡಿದು ಸುಡಬೇಕು. ಸುಮಾರು 42,000 ಮರ ಇದ್ದ ಜಾಗದಲ್ಲಿ ಸಾವಿರಾರು ಹೋಗಿಬಿಟ್ಟಿವೆ. ಬೇರೆ ಜಾತಿಯ ಸಸಿ ನೆಡುತ್ತಿದ್ದಾರೆ, ಒಳ್ಳೆಯದೇ. ಆದರೆ ಸಸಿಯ ನೆರಳಲ್ಲಿ ಜುಲೈ ಮಧ್ಯಾಹ್ನ ಸೈಕಲ್ ತುಳಿಯೋಕಾಗಲ್ಲ. ಮರ ಕಡಿಯುವಾಗ ಆ ತುಂಡು ದಾರಿ ಮುಚ್ಚುತ್ತಾರೆ, ಆಗ ನಾವು ಎಲ್ಲರನ್ನೂ ಕರೆದುಕೊಂಡು ಕಾರು ಓಡುವ ರಸ್ತೆಗೆ ಇಳಿಯಬೇಕು. ಕಾರಿಲ್ಲದ ದಾರಿ ಅಂತ ಹೇಳಿ ಕರೆದುಕೊಂಡು ಹೋಗಿ ಹಾಗೆ ಮಾಡೋಕೆ ಮನಸ್ಸು ಬರಲ್ಲ. ಇನ್ನು ದಾರಿಯ ವಿಷಯ. ತುಲೂಸ್‌ನಿಂದ ಸುಮಾರು 50 ಕಿ.ಮೀ ನುಣ್ಣನೆ ಡಾಂಬರು. ಅದಾದ ಮೇಲೆ ಹಲವು ಕಡೆ ಒಂದು ಚಕ್ರದಷ್ಟೇ ಅಗಲದ ಹಾದಿ, ಅದರ ಮೇಲೆ ಉಬ್ಬಿದ ಬೇರುಗಳು. ಮೂವತ್ತರ ಹುಡುಗರಿಗೆ ಮಜಾ. ಅರವತ್ತು ದಾಟಿದವರ ಮುಂಗೈ ಕೇಳಿ ನೋಡಿ.

ಹೊಸ ದಾರಿ ಹಾಗಲ್ಲ. ಕುದುರೆಗಳು ದೋಣಿ ಎಳೆಯುತ್ತಿದ್ದ ಕಾಲುವೆ ಏರಿ ಅದು. ಸಣ್ಣ ಜಲ್ಲಿ, ಮರಳು ಹಾಕಿ ದಮ್ಮಸು ಮಾಡಿದ್ದಾರೆ, ಇಬ್ಬರು ಪಕ್ಕಪಕ್ಕದಲ್ಲಿ ಮಾತಾಡುತ್ತಾ ಹೋಗುವಷ್ಟು ಅಗಲ. ಇಂಗ್ಲಿಷರ ಹಡಗುಗಳು ಬ್ರೆಸ್ತ್ ಬಂದರನ್ನು ಸಮುದ್ರದ ಕಡೆಯಿಂದ ಮುತ್ತಿದಾಗ ಒಳನಾಡಿನಿಂದಲೇ ಸಾಮಾನು ಸಾಗಲಿ ಅಂತ ನೆಪೋಲಿಯನ್ ಶುರು ಮಾಡಿಸಿದ ಕಾಲುವೆ. 364 ಕಿ.ಮೀ ಉದ್ದ. ಮುಗಿಯುವ ಹೊತ್ತಿಗೆ ಆ ಯುದ್ಧವೂ ಇರಲಿಲ್ಲ, ನೆಪೋಲಿಯನ್ನನೂ ಇರಲಿಲ್ಲ. ನಾವು ಕಾರೇ ಅನ್ನುವ ಊರಿನಿಂದ ಹೊರಟು ಪೊಂತಿವಿ, ಜೊಸ್ಲಾಂ, ಮಾಲೆತ್ರ್ವಾ ದಾಟಿ ರೆದೋಂವರೆಗೆ ಹೋಗುತ್ತೇವೆ. ಏರು ಅಂದರೆ ಹೆದರಬೇಡಿ. ಇಡೀ ಕಾಲುವೆಯ ಎತ್ತರದ ಜಾಗವೇ ಸಮುದ್ರಮಟ್ಟದಿಂದ 184 ಮೀಟರ್. ಅದು ಗ್ಲೋಮೆಲ್ ಹತ್ತಿರದ ದೊಡ್ಡ ಕಂದಕ. 1823ರಿಂದ 1832ರವರೆಗೆ ಬ್ರೆಸ್ತ್ ಜೈಲಿನ ಕೈದಿಗಳಿಂದ ಗುದ್ದಲಿ ಹಿಡಿಸಿ ಅಗೆಸಿದ್ದು. ಗೆರ್ಲೆದಾಂ ಅಣೆಕಟ್ಟು ಕಟ್ಟಿದಾಗ ಕಾಲುವೆಯ ಒಂದು ಭಾಗ, ದೋಣಿಗಳನ್ನು ಮೇಲೆ-ಕೆಳಗೆ ದಾಟಿಸುವ ಲಾಕ್ ಗೇಟುಗಳ ಸಮೇತ, ನೀರಿನಡಿ ಹೋಯಿತು. ಅಲ್ಲಿ ಮಾತ್ರ ನಾವು ಹಳೆಯ ರೈಲು ಹಳಿ ಕಿತ್ತು ಮಾಡಿದ ದಾರಿಯಲ್ಲಿ ಹೋಗುತ್ತೇವೆ. ಅಲ್ಲೂ ಕಾರಿಲ್ಲ.

ಮಳೆ? ಹೌದು, ಮಿದಿಗಿಂತ ಜಾಸ್ತಿ. ರೇನ್‌ಕೋಟ್ ತನ್ನಿ.

ಈಗ ವರ್ಷಾವರ್ಷ ಕೇಳಿಕೊಂಡು ಬಂದಿರುವ ಮಾತಿಗೆ ಬರೋಣ. "ದಾರಿ ಸರ್ಕಾರದ್ದು, ಬಿಟ್ಟಿ. ಗಾಡಿಗಳೇ ಇಲ್ಲ ಅಂತ ನೀವೇ ಹೇಳ್ತೀರಿ. ಮತ್ತೆ ಬ್ಯಾಕಪ್ ವ್ಯಾನ್‌ಗೆ ಅಷ್ಟು ದುಡ್ಡು ಯಾಕೆ?" ಕೇಳೋಕೆ ಸರಿಯಾಗೇ ಇದೆ. ಆದರೆ ಲೆಕ್ಕ ಉಲ್ಟಾ. ಕಾರು ರಸ್ತೆಯ ಪಕ್ಕ ಸೈಕಲ್ ಹೊಡೆಯುವ ಪ್ರವಾಸದಲ್ಲಿ ವ್ಯಾನ್ ಹಿಂದೆಯೇ ಬರುತ್ತದೆ, ಒಬ್ಬ ಡ್ರೈವರ್ ಸಾಕು, ಪಂಕ್ಚರ್ ಆದರೆ ಅಲ್ಲೇ ನಿಲ್ಲಿಸಿ ಕೈ ಕೊಡುತ್ತಾನೆ. ಇಲ್ಲಿ ವ್ಯಾನ್ ಏರಿ ಮೇಲೆ ಬರುವ ಹಾಗೇ ಇಲ್ಲ. ದಾರಿಯ ಬಾಯಲ್ಲಿ ಕಂಬ ನೆಟ್ಟಿರುತ್ತಾರೆ. ಕಾಲುವೆ ಇಲಾಖೆಯ ಗಾಡಿ ಅಥವಾ ಅಪರೂಪಕ್ಕೊಂದು ಟ್ರ್ಯಾಕ್ಟರ್ ಬಿಟ್ಟರೆ ಯಾರಿಗೂ ಪ್ರವೇಶ ಇಲ್ಲ. ನಿಮ್ಮ ಬ್ಯಾಗುಗಳನ್ನು ಹೊತ್ತ ವ್ಯಾನ್ ಸುತ್ತು ಬಳಸಿ ಹಳ್ಳಿ ರಸ್ತೆಗಳಲ್ಲಿ ಹೋಗಿ ಮುಂದಿನ ಸೇತುವೆಯ ಹತ್ತಿರ ಕಾಯಬೇಕು. ಎರಡು ಸೇತುವೆಗಳ ನಡುವೆ ಏನಾದರೂ ಆದರೆ? ಅದಕ್ಕೇ ಗುಂಪಿನ ಕೊನೆಯಲ್ಲಿ ಒಬ್ಬ ಮೆಕ್ಯಾನಿಕ್ ಸೈಕಲ್ ಮೇಲೆಯೇ ಬರುತ್ತಾನೆ, ಬೆನ್ನಿಗೆ ಟೂಲ್ಸ್ ಕಟ್ಟಿಕೊಂಡು. ಅಂದರೆ ಒಬ್ಬರ ಜಾಗದಲ್ಲಿ ಇಬ್ಬರ ಸಂಬಳ, ಇಬ್ಬರ ಊಟ, ಇಬ್ಬರ ರೂಮು. ಗಾಡಿ ಇಲ್ಲದ ದಾರಿ ಅಂದರೆ ಖರ್ಚು ಇಲ್ಲದ ದಾರಿ ಅಲ್ಲ.

ಟ್ರಯಲ್‌ಗೆ ಹೋದಾಗ ಜೊಸ್ಲಾಂ ಕೋಟೆ ದಾಟಿದ ಮೇಲೆ ಒಂದು ಸೈಕಲ್‌ನ ಡಿರೇಲರ್ ಹ್ಯಾಂಗರ್, ಅಂದರೆ ಗೇರು ಬದಲಿಸುವ ಭಾಗವನ್ನು ಫ್ರೇಮಿಗೆ ಹಿಡಿದಿಡುವ ತುಂಡು, ಬಾಗಿತು. ಗೇರು ಹಾಕಿದರೆ ಚೈನು ಸ್ಪೋಕ್ಸ್‌ಗೆ ತಗುಲುತ್ತಿತ್ತು. ವ್ಯಾನ್ ಸೇತುವೆ ಹತ್ತಿರ ನಿಂತಿದೆ, ಡ್ರೈವರ್ ಕಾಣಿಸುತ್ತಿದ್ದಾನೆ, ಆದರೆ ಬರೋಕಾಗಲ್ಲ. ಮೆಕ್ಯಾನಿಕ್ ಲಾಕ್ ಗೇಟಿನ ಪಕ್ಕದ ಹುಲ್ಲಿನ ಮೇಲೆ ಸೈಕಲ್ ತಲೆಕೆಳಗೆ ಮಾಡಿ, ಹಿಂದಿನ ಚಕ್ರ ಬಿಚ್ಚಿ, ಜೇಬಿನಿಂದ ಹೊಸ ಹ್ಯಾಂಗರ್ ತೆಗೆದು ಹಾಕಿದ. ಆ ಪುಟ್ಟ ಅಲ್ಯೂಮಿನಿಯಂ ತುಂಡು ಸೈಕಲ್ ಮಾಡೆಲ್‌ಗೊಂದು ತರಹ. ನಮ್ಮ ಸೈಕಲ್‌ಗಳಿಗೆ ಹೊಂದುವುದನ್ನೇ ಇಟ್ಟುಕೊಂಡಿರಬೇಕು. ನೀವು ಕೊಡುವ ದುಡ್ಡು ಹೋಗುವುದು ಇಂಥದಕ್ಕೆ.

ಸೈಕಲ್ ಕೂಡ ಬದಲಾಗಿದೆ. ಮೊದಲಿನ 32 ಎಂಎಂ ಟೈರಿನ ಹೈಬ್ರಿಡ್ ಬದಲು 40 ಎಂಎಂ ಟ್ಯೂಬ್‌ಲೆಸ್ ಟೈರಿನ ಗ್ರಾವೆಲ್ ಬೈಕು, ಅಂದರೆ ಜಲ್ಲಿ ದಾರಿಗೆ ಅಂತಲೇ ಮಾಡಿದ ಸೈಕಲ್. ಮಳೆ ಬಿದ್ದ ಜಲ್ಲಿಯಲ್ಲಿ ಸಣ್ಣ ಟೈರು ಹೂಳುತ್ತದೆ. ಬಾಡಿಗೆ ಜಾಸ್ತಿ, ಮೇಂಟೆನೆನ್ಸೂ ಜಾಸ್ತಿ. ಮರಳು ಚೈನಿಗೆ ಹೊಕ್ಕರೆ ಕರಕರ ಅಂತ ತಿನ್ನುತ್ತದೆ. ಸಂಜೆ ಎಲ್ಲರೂ ಸ್ನಾನಕ್ಕೆ ಹೋದಾಗ ಮೆಕ್ಯಾನಿಕ್ ಒಂದೊಂದೇ ಚೈನು ಒರೆಸಿ, ಗೇಜ್ ಹಾಕಿ ನೋಡಿ, ಶೇಕಡಾ 0.75ಕ್ಕಿಂತ ಹೆಚ್ಚು ಸವೆದು ಉದ್ದವಾದದ್ದನ್ನು ಬದಲಾಯಿಸುತ್ತಾನೆ. ಬ್ರಿಟಾನಿಯ ಹೆದ್ದಾರಿಗಳಲ್ಲಿ ಟೋಲ್ ಇಲ್ಲ, ಆ ಉಳಿತಾಯ ನಿಮ್ಮ ಲೆಕ್ಕಕ್ಕೇ ಹಾಕಿದ್ದೇವೆ. ಅದು ಚೈನುಗಳಿಗೇ ಖಾಲಿ, ಅದು ಬೇರೆ ಮಾತು.

ನಮ್ಮ ತಲೆಗೆ ಕಟ್ಟುವ ಇನ್ನೂ ಕೆಲವು ಖರ್ಚು. ಯೂರೋ ನೂರು ರೂಪಾಯಿ ದಾಟಿದೆ. ಅದು ನಮ್ಮ ಕೈಲಿಲ್ಲ. ಬಿಲ್ಲಿನಲ್ಲಿ ಕಾಣುವ ಟಿಸಿಎಸ್ (ಪ್ರವಾಸ ಮಾರುವವರು ಮೊದಲೇ ವಸೂಲು ಮಾಡುವ ತೆರಿಗೆ) ಕೂಡ ನಮ್ಮ ಲಾಭ ಅಲ್ಲ. ಅದು ನಿಮ್ಮ ಪ್ಯಾನ್ ನಂಬರ್ ಮೇಲೆ ಸರ್ಕಾರಕ್ಕೆ ಕಟ್ಟುವ ದುಡ್ಡು. ರಿಟರ್ನ್ಸ್ ಹಾಕುವಾಗ ನಿಮ್ಮ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು, ಹೆಚ್ಚಿದ್ದರೆ ವಾಪಸ್ಸೂ ಬರುತ್ತದೆ. ಫ್ರಾನ್ಸ್ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಬೇಕಾದ ಷೆಂಗೆನ್ ವೀಸಾ ಫೀಸು 2024ರ ಜೂನ್‌ನಲ್ಲಿ 80ರಿಂದ 90 ಯೂರೋ ಆಯಿತು. ಅದಕ್ಕೂ ನಮ್ಮನ್ನೇ ಬೈದವರಿದ್ದಾರೆ! ಇರಲಿ.

ಶುದ್ಧ ಸಸ್ಯಾಹಾರಿಗಳು ಗಾಬರಿ ಬೀಳಬೇಡಿ. ಆ ಕಡೆ ಬಕ್‌ವೀಟ್ ಹಿಟ್ಟಿನ ಗಾಲೆಟ್ ಅನ್ನುವ ತೆಳು ದೋಸೆ ಊರೂರಲ್ಲೂ ಸಿಗುತ್ತದೆ, ಒಳಗೆ ಚೀಸು, ಅಣಬೆ, ಪಾಲಕ್. ಆದರೆ ಒಂದು ಮಾತು ಯಾರೂ ಹೇಳುವುದಿಲ್ಲ. ನಾವು ಕಾವಲಿಗೆ ಈರುಳ್ಳಿ ಸವರುವ ಹಾಗೆ ಅಲ್ಲಿ ಹಳೇ ಪದ್ಧತಿಯವರು ಹಂದಿ ಕೊಬ್ಬು ಸವರುತ್ತಾರೆ. ನಾವು ನಿಲ್ಲುವ ಹೋಟೆಲ್‌ಗಳಲ್ಲಿ ಮೊದಲೇ ಮಾತಾಡಿದ್ದೇವೆ, ಸಸ್ಯಾಹಾರಿಗಳಿಗೆ ಬೇರೆ ಕಾವಲಿ, ಬರೀ ಬೆಣ್ಣೆ. ಭಾನುವಾರ ಸಂಜೆ, ಸೋಮವಾರ ಹಳ್ಳಿಗಳಲ್ಲಿ ಬಹಳಷ್ಟು ಅಂಗಡಿ ಮುಚ್ಚಿರುತ್ತವೆ. ಅವತ್ತು ಊಟ ವ್ಯಾನಿನಲ್ಲಿ ಇರುತ್ತದೆ. ಚಿತ್ರಾನ್ನ, ಮೊಸರನ್ನ. ಇದಕ್ಕೂ ವ್ಯಾನೇ ಬೇಕಾಯಿತು, ನೋಡಿ.

ಮಿದಿಗೆ ಅಂತಲೇ ಮುಂಗಡ ಕೊಟ್ಟವರಿಗೆ ಬೇಜಾರಾಗಿದೆ, ಅರ್ಥ ಆಗುತ್ತದೆ. ಅದಕ್ಕೆ ನಿಜವಾಗಿಯೂ ಕ್ಷಮೆ ಕೇಳುತ್ತೇವೆ. ಅವರಿಗೆ ಈ ವರ್ಷ ಹಳೇ ದರವೇ, ಹೆಚ್ಚಿನ 18,000 ನಾವೇ ಹೊರುತ್ತೇವೆ. ಬ್ರಿಟಾನಿ ಬೇಡ ಅಂದರೆ ಪೂರ್ತಿ ಮುಂಗಡ ವಾಪಸ್, ಕ್ಯಾನ್ಸಲೇಷನ್ ಚಾರ್ಜ್ ಅಂತ ಒಂದು ಪೈಸೆ ಹಿಡಿಯಲ್ಲ. ಫೆಬ್ರವರಿ 15ರೊಳಗೆ ಹೇಳಿಬಿಡಿ. ಟಿಜಿವಿ ಅನ್ನುವ ಫ್ರಾನ್ಸಿನ ಹೈಸ್ಪೀಡ್ ರೈಲಿನಲ್ಲಿ ಸೈಕಲ್‌ಗೆ ಮೊದಲೇ ಜಾಗ ಹಿಡಿಯಬೇಕು, ಆ ಜಾಗಗಳು ಬಹಳ ಕಡಿಮೆ. ನಿಮ್ಮ ಎತ್ತರ, ಒಳಗಾಲಿನ ಅಳತೆ (ತೊಡೆಸಂದಿಯಿಂದ ನೆಲದವರೆಗೆ) ಎರಡನ್ನೂ ಸೆಂಟಿಮೀಟರಿನಲ್ಲಿ ಕಳಿಸಿ. ಅಂದಾಜು ಬೇಡ, ಟೇಪ್ ಹಿಡಿದೇ ಅಳೆಯಿರಿ.

ಇಂತಿ,
ನಿಮ್ಮ ಸೈಕಲ್ ಪ್ರವಾಸದ ಹುಡುಗರು
(ಹುಡುಗರು ಅನ್ನೋದು ಅಭ್ಯಾಸಬಲ, ಬಿಡಿ)