ಮಗಳು ಎಲ್‌ಕೆಜಿಗೆ ಹೊರಟಿರುವ ಗೆಳೆಯನಿಗೊಂದು ಪತ್ರ

ತ್ಯಾಗರಾಜನಗರ, ಬೆಂಗಳೂರು

ಪ್ರಿಯ ಗೆಳೆಯನಿಗೆ,

ನಿನ್ನ ಪತ್ರ ತಲುಪಿತು. ಜೂನ್‌ನಲ್ಲಿ ಮಗಳು ಎಲ್‌ಕೆಜಿಗೆ ಸೇರುತ್ತಾಳೆಂಬ ಸಂತೋಷಕ್ಕಿಂತ, ಅವಳಿಗೆ ಇನ್ನೂ ಅಕ್ಷರ ತಿದ್ದಲು ಬಾರದೆಂಬ ಆತಂಕವೇ ಅದರಲ್ಲಿ ಹೆಚ್ಚಾಗಿತ್ತು. 17 ವರ್ಷ ಈ ವಯಸ್ಸಿನ ಮಕ್ಕಳೊಂದಿಗೇ ಕಳೆದವಳಾಗಿ ಹೇಳುತ್ತೇನೆ, ಅಕ್ಷರದ ಚಿಂತೆಯನ್ನು ಸದ್ಯಕ್ಕೆ ಟೀಚರಿಗೆ ಬಿಟ್ಟುಬಿಡು. ಅವಳ ತರಗತಿಯಲ್ಲಿ ದಿನವೂ ಯಾವುದಾದ ಮೇಲೆ ಯಾವುದು ನಡೆಯುತ್ತದೆ ಎಂಬುದನ್ನು ಮಾತ್ರ ನೀನು ಚೆನ್ನಾಗಿ ತಿಳಿದುಕೋ.

ಇದು ಎಷ್ಟು ಮುಖ್ಯವೆಂದು ನನಗೆ ಕಲಿಸಿದ್ದು ಒಂದು ಮಳೆಯ ದಿನ. ನಮ್ಮಲ್ಲಿ ಮಕ್ಕಳು ತಿಂಡಿ ತಿಂದು, ಕಥೆ ಕೇಳಿ, ಕೊನೆಗೆ ಅಂಗಳದ ಮರಳಿನಲ್ಲಿ ಆಡಿ ಬಂದು ಕೈತೊಳೆಯುವ ಹೊತ್ತಿಗೆ ಹನ್ನೆರಡೂವರೆಯಾಗಿ, ಗೇಟಿನಲ್ಲಿ ಅಮ್ಮಂದಿರು ಕಾಣಿಸಿಕೊಳ್ಳುತ್ತಿದ್ದರು. ಅಂದು ಅಂಗಳವೆಲ್ಲ ನೀರಾಗಿದ್ದರಿಂದ ನಾನು ಮರಳಿನ ಆಟವನ್ನು ಬಿಟ್ಟು ಒಳಗೇ ಇನ್ನೊಂದು ಹಾಡು ಹೇಳಿಸಿದೆ. ಸೇರಿ ತಿಂಗಳಾಗಿ, ಅಳು ಮರೆತೇ ಹೋಗಿದ್ದ ಒಬ್ಬ ಹುಡುಗಿ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಹೊಟ್ಟೆನೋವೇ, ಯಾರಾದರೂ ಹೊಡೆದರೇ ಎಂದು ನಾನೂ ಆಯಮ್ಮನೂ ಕೇಳಿ ಸೋತ ಮೇಲೆ ಅವಳು ಹೇಳಿದ್ದು ಇಷ್ಟೇ: "ಮಿಸ್, ಮಣ್ಣಾಟ ಆಡ್ಲಿಲ್ಲ, ಅಮ್ಮ ಬರಲ್ಲ." ಗಡಿಯಾರ ನೋಡಲು ಬಾರದ ಅವಳು, ಮರಳಿನ ಆಟವಾದ ಮೇಲೆ ಅಮ್ಮ ಬರುತ್ತಾಳೆಂದು ತಾನೇ ಲೆಕ್ಕ ಹಾಕಿಕೊಂಡಿದ್ದಳು, ನಾನು ಆ ಗಡಿಯಾರದ ಮುಳ್ಳನ್ನೇ ಕಿತ್ತಿಟ್ಟಿದ್ದೆ. ಅಂದಿನಿಂದ ಏನಾದರೂ ಬದಲಾಗುವುದಿದ್ದರೆ ಬೆಳಿಗ್ಗೆಯೇ ಮಕ್ಕಳಿಗೆ ತಿಳಿಸುತ್ತೇನೆ.

ಆದ್ದರಿಂದ ಶಾಲೆ ಶುರುವಾಗುವ ಮೊದಲೇ ಟೀಚರನ್ನು ಕಂಡು ದಿನದ ಕ್ರಮವನ್ನು ಕೇಳಿ ತಿಳಿದುಕೊಂಡು, ರಾತ್ರಿ ಮಲಗಿಸುವಾಗ ಅದನ್ನೇ ಕಥೆಯಂತೆ ಮಗಳಿಗೆ ಹೇಳು. "ಬೇಗ ಬರುತ್ತೇನೆ" ಎಂಬ ಮಾತು ನಾಲ್ಕು ವರ್ಷದ ಮಗುವಿಗೆ ಅರ್ಥವಾಗುವುದಿಲ್ಲ. "ನೀನು ಆಟವಾಡಿ ಕೈತೊಳೆದ ಮೇಲೆ ಬರುತ್ತೇನೆ" ಎಂದರೆ ಅರ್ಥವಾಗುತ್ತದೆ. ಹೇಳಿದ ಮೇಲೆ ಆ ಹೊತ್ತಿಗೆ ಬಂದೇ ಬರಬೇಕು.

ಬೆಳಿಗ್ಗೆ ತಡವಾಗಿ ಬರುವುದಕ್ಕೆ ನಮ್ಮ ಊರಿನಲ್ಲಿ ಕಾರಣ ಹುಡುಕಬೇಕಾಗಿಯೇ ಇಲ್ಲ. ನೀನು ಬನಶಂಕರಿಯಿಂದ ಹೊರಡುವವನು, ಸಿಗ್ನಲ್ಲುಗಳ ಕಷ್ಟ ನಿನಗೆ ಗೊತ್ತು. ಆದರೂ ಹತ್ತು ನಿಮಿಷದ ತಡ ಮಗುವಿಗೆ ಸಣ್ಣದಲ್ಲ. ಬಂದ ಮಕ್ಕಳು ಚೀಲವನ್ನು ತಮ್ಮ ತಮ್ಮ ಮೊಳೆಗೆ ಸಿಕ್ಕಿಸಿ, ಶೂ ಬಿಚ್ಚಿ ಜೋಡಿಸಿಟ್ಟು, ಜಮಖಾನದ ಮೇಲೆ ಸುತ್ತ ಕುಳಿತು, ಇಂದು ಯಾವ ವಾರ, ಯಾರು ಬಂದಿಲ್ಲ ಎಂದು ಮಾತನಾಡುವ ಸರ್ಕಲ್ ಟೈಮಿನಲ್ಲಿಯೇ ಅವರ ಮನಸ್ಸು ಮನೆಯಿಂದ ಶಾಲೆಗೆ ಬಂದು ಸೇರುವುದು. ಅದು ಮುಗಿದ ಮೇಲೆ ಒಳಗೆ ಬಂದ ಮಗು, ಮದುವೆಮನೆಗೆ ಎರಡನೇ ಪಂಕ್ತಿಯ ನಡುವೆ ಬಂದ ನೆಂಟರಂತೆ, ಎಲ್ಲಿ ಕೂರಬೇಕೆಂದು ತಿಳಿಯದೆ ಬಾಗಿಲಲ್ಲೇ ನಿಂತುಬಿಡುತ್ತದೆ.

ಗೇಟಿನಲ್ಲಿ ಅವಳು ಅತ್ತರೆ ಕಣ್ತಪ್ಪಿಸಿ ಓಡಿಹೋಗಬೇಡ. ಅಪ್ಪ ಹೇಳದೆ ಮಾಯವಾದರೆಂದು ಕಂಡ ಮಗು ಮರುದಿನ ಬೆರಳನ್ನೇ ಬಿಡುವುದಿಲ್ಲ. ಟಾಟಾ ಹೇಳಿ, ಯಾವಾಗ ಬರುವೆಯೆಂದು ಒಂದೇ ಸಲ ಹೇಳಿ ಹೊರಡು. ಕಿಟಕಿಯಲ್ಲಿ ಇಣುಕಿ ನೋಡುವವರಿಂದ ನಮಗಾಗುವ ಕಷ್ಟ ಅಷ್ಟಿಷ್ಟಲ್ಲ. (ಅಜ್ಜಂದಿರು ಈ ವಿಷಯದಲ್ಲಿ ಯಾರ ಮಾತನ್ನೂ ಕೇಳುವುದಿಲ್ಲ.)

ಇನ್ನು ಡಬ್ಬಿಯ ವಿಷಯ. ತಿಂಡಿಗೆಂದು ಇರುವ ಇಪ್ಪತ್ತು ನಿಮಿಷದಲ್ಲಿ ಇಪ್ಪತ್ತೈದು ಮಕ್ಕಳು "ಮಿಸ್, ಓಪನ್" ಎಂದು ಸಾಲಾಗಿ ಡಬ್ಬಿ ಹಿಡಿದು ನಿಂತರೆ, ಕೊನೆಯ ಮಗುವಿಗೆ ತಿನ್ನಲು ಉಳಿಯುವುದು ಐದೇ ನಿಮಿಷ. ನಾಲ್ಕು ಕಡೆ ಕ್ಲಿಪ್ ಇರುವ, ಸೊಟ್ಟಗಾದರೂ ಒಂದು ಹನಿಯೂ ಸೋರದ, ನೀನು ಕೊಂಡಿರುವ ಡಬ್ಬಿ ನಿನಗೆ ಮೆಚ್ಚುಗೆಯಾಗಿರಬಹುದು, ಆದರೆ ಅದನ್ನು ತೆರೆಯಬೇಕಾದವಳು ನಿನ್ನ ಮಗಳು. ಹಾಗೆಯೇ, ಸುಸ್ಸು ಬಂದಾಗ ಮನೆಯಲ್ಲಿ ಅವಳು ಯಾವ ಮಾತು ಬಳಸುತ್ತಾಳೋ ಅದನ್ನು ಟೀಚರಿಗೂ ಆಯಮ್ಮನಿಗೂ ಮೊದಲ ದಿನವೇ ತಿಳಿಸು. ಇಂಗ್ಲಿಷ್ ಮೀಡಿಯಂ ಎಂಬ ಹೆದರಿಕೆಗೆ ಕೇಳದೆ ತಡೆದುಕೊಂಡು ಚಡ್ಡಿ ಒದ್ದೆ ಮಾಡಿಕೊಂಡ ಮಕ್ಕಳ ಮುಖವನ್ನು ನಾನು ಬಹಳ ನೋಡಿದ್ದೇನೆ. ಬದಲಿ ಬಟ್ಟೆಯೊಂದು ಚೀಲದಲ್ಲಿರಲಿ, ಗುಂಡಿ ಕಡಿಮೆ ಇರಲಿ.

"ಬರೀ ಜೇಡಿಮಣ್ಣು, ಮಣಿ, ಬ್ಲಾಕ್ಸ್ ಆಡಿಸುತ್ತಾರಂತೆ, ಇದಕ್ಕೇ ಇಷ್ಟು ಫೀಸೇ" ಎಂದು ಬರೆದಿದ್ದೀಯಲ್ಲ, ಫೀಸಿನ ಬಗ್ಗೆ ನಿನ್ನೊಡನೆ ನನ್ನ ತಕರಾರಿಲ್ಲ. ಆದರೆ 1837ರಲ್ಲಿ ಜರ್ಮನಿಯಲ್ಲಿ ಮೊದಲ ಕಿಂಡರ್‌ಗಾರ್ಟನ್ ಆರಂಭಿಸಿದ ಫ್ರೋಬೆಲ್ ಮಕ್ಕಳ ಕೈಗೆ ಕೊಟ್ಟದ್ದೂ ಉಣ್ಣೆಯ ಚೆಂಡು, ಮರದ ತುಂಡುಗಳನ್ನೇ. ಜೇಡಿಮಣ್ಣು ಮಿದ್ದು, ಕಾಗದ ಹರಿದು, ಮಣಿ ಪೋಣಿಸಿ ಬೆರಳು ಗಟ್ಟಿಯಾದ ಮೇಲೆಯೇ ಪೆನ್ಸಿಲ್ ಮೂರು ಬೆರಳಿನ ನಡುವೆ ನಿಲ್ಲುತ್ತದೆ. ಅದಕ್ಕೂ ಮುಂಚೆ ಪುಟಗಟ್ಟಲೆ ಬರೆಸಿದರೆ ಮಗು ಮುಷ್ಟಿ ಕಟ್ಟಿ ಗೀಚುವುದನ್ನು ಕಲಿಯುತ್ತದೆ, ಆ ಅಭ್ಯಾಸ ಬಿಡಿಸುವುದು ಕಷ್ಟ. ಮೂರರಿಂದ ಎಂಟು ವರ್ಷದವರಿಗಾಗಿ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಹ ಆಟದ ಮೂಲಕವೇ ಕಲಿಸಬೇಕೆನ್ನುತ್ತದೆ. ಪೂರ್ವ ಪ್ರಾಥಮಿಕ ಮಕ್ಕಳಿಗೆ ಪುಸ್ತಕದ ಚೀಲವೇ ಬೇಡವೆಂದು 2020ರ ಶಾಲಾ ಬ್ಯಾಗ್ ನೀತಿ ಹೇಳಿದ್ದರೂ, ಬೆನ್ನಿಗಿಂತ ದೊಡ್ಡ ಬ್ಯಾಗ್ ಕೊಳ್ಳುವ ಉತ್ಸಾಹ ನಮ್ಮ ಪಾಲಕರಲ್ಲಿ ಇನ್ನೂ ಇಳಿದಿಲ್ಲ.

ಮನೆಗೆ ಬಂದವಳನ್ನು "ಇವತ್ತು ಏನು ಕಲಿತೆ" ಎಂದು ಕೇಳಿದರೆ "ಏನೂ ಇಲ್ಲ" ಎಂಬ ಉತ್ತರವೇ ಸಿಗುತ್ತದೆ. ಸರ್ಕಲ್ ಟೈಮಿನಲ್ಲಿ ನಿನ್ನ ಪಕ್ಕದಲ್ಲಿ ಯಾರು ಕುಳಿತಿದ್ದರು, ತಿಂಡಿಗೆ ಯಾರ ಡಬ್ಬಿಯಲ್ಲಿ ಏನಿತ್ತು, ಕಥೆಯಲ್ಲಿ ಯಾವ ಪ್ರಾಣಿ ಬಂತು ಎಂದು ಕ್ರಮ ಹಿಡಿದು ಕೇಳು, ಅವಳೇ ಬಾಯಿಬಿಡುತ್ತಾಳೆ. ಕರೆದುಕೊಂಡು ಹೋಗಲು ನಿನ್ನ ಬದಲು ಬೇರೆಯವರು ಬರುವುದಿದ್ದರೆ ಡೈರಿಯಲ್ಲಿ ಬರೆದು ಕಳಿಸು; ನಿನ್ನ ತಮ್ಮನೇ ಬಂದರೂ ನಾವು ಸುಮ್ಮನೆ ಕಳಿಸುವುದಿಲ್ಲ, ಬೇಸರಿಸಬೇಡ.

ಕೊಂಡಿರುವ ಆ ಡಬ್ಬಿಯನ್ನು ಈ ಭಾನುವಾರ ಅವಳ ಕೈಗೆ ಕೊಟ್ಟು, ನೀನು ಕೈ ಕಟ್ಟಿ ಕುಳಿತು ನೋಡು. ತೆರೆಯಲು ಆಗದಿದ್ದರೆ ಗಾಂಧಿ ಬಜಾರಿಗೆ ಬಾ, ಬೇರೆಯದು ಕೊಳ್ಳೋಣ. ಆದರೆ ಅವಳನ್ನೂ ಕರೆದುಕೊಂಡು ಬಾ, ಅಂಗಡಿಯಲ್ಲಿ ಅವಳೇ ತೆರೆದು ನೋಡಿ ಆರಿಸಲಿ.

ಇಂತು ನಿನ್ನ ಗೆಳತಿ