ಎಲೆ ಹಸಿರಿದ್ದರೆ ಬರ ಇಲ್ಲವಾ?

ಸಂಪಾದಕರೇ,

2023ರ ರಾಗಿ ಬೆಳೆ ನನಗೆ ಇನ್ನೂ ಮರೆತಿಲ್ಲ. ಜುಲೈನಲ್ಲಿ ಬಿತ್ತಿದೆವು, ಮೊಳಕೆ ಚೆನ್ನಾಗೇ ಬಂತು. ಆಮೇಲೆ ಆಗಸ್ಟಿನ ಆಶ್ಲೇಷ, ಮಘೆ ಮಳೆ ಎರಡೂ ಕೈಕೊಟ್ಟವು. 1901ರಿಂದ ಈಚೆಗೆ ದೇಶದಲ್ಲಿ ಅಷ್ಟು ಒಣ ಆಗಸ್ಟ್ ಬಂದೇ ಇರಲಿಲ್ಲವಂತೆ. ಸೆಪ್ಟೆಂಬರಿನಲ್ಲಿ ಒಂದೆರಡು ಮಳೆ ಬಿದ್ದು ಪೈರು ಮತ್ತೆ ಹಸಿರಾಯಿತು, ದಾರಿಯಲ್ಲಿ ಹೋಗುವವರು ‘ಪರವಾಗಿಲ್ಲ, ಬೆಳೆ ಚೆನ್ನಾಗಿದೆ’ ಅಂದರು. ಕೊಯ್ಲಿಗೆ ನೋಡಿದರೆ ತೆನೆಯೆಲ್ಲ ಜೊಳ್ಳು. ದನಕ್ಕೆ ಹುಲ್ಲಾದರೂ ಆಯಿತಲ್ಲ ಅಂದುಕೊಂಡೆವು.

ಇದನ್ನೇ ಆ ವರ್ಷ ರಾಜ್ಯ ಸರಕಾರ ‘ಹಸಿರು ಬರ’ ಅಂದಿತು, ಬರ ನೋಡಲು ಬಂದ ಕೇಂದ್ರದ ತಂಡದ ಮುಂದೆಯೂ ಇಟ್ಟಿತು. ಯಾಕೆಂದರೆ ಕೇಂದ್ರದ ಬರ ಕೈಪಿಡಿಯಲ್ಲಿ ಉಪಗ್ರಹಕ್ಕೆ ಕಾಣುವ ಹಸಿರೂ ಒಂದು ಅಳತೆ. ಮೊದಲು ಮಳೆ ಎಷ್ಟು ಕಮ್ಮಿ, ಎಷ್ಟು ವಾರ ಒಣಗಿತು ಅಂತ ನೋಡುತ್ತಾರೆ. ಆಮೇಲೆ ಬಿತ್ತನೆ, ಮಣ್ಣಿನ ತೇವ, ಜಲಾಶಯ, ಅಂತರ್ಜಲ, ಜೊತೆಗೆ ಈ ಹಸಿರು. ಹೊಲಕ್ಕೆ ಇಳಿದು ನೋಡುವುದು ಕೊನೆಗೆ, ಅದೂ ನೂರಕ್ಕೆ 10 ಹಳ್ಳಿಗಳಲ್ಲಿ. ಮೇಲಿಂದ ನೋಡುವವರಿಗೆ ಎಲೆ ಕಾಣುತ್ತದೆ, ಸರಿ. ತೆನೆಯೊಳಗೆ ಕಾಳಿದೆಯೋ ಇಲ್ಲವೋ ಹೇಗೆ ಕಾಣಬೇಕು? ಆ ಸಲ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಗಿ, ಪರಿಹಾರಕ್ಕೆ ರಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದು ಎಲ್ಲರಿಗೂ ಗೊತ್ತು. ಆ ರಾಜಕೀಯ ಇಲ್ಲಿ ಬೇಡ.

ಕಾಡಿನ ಲೆಕ್ಕವೂ ಹೆಚ್ಚುಕಮ್ಮಿ ಇದೇ ಥರ. ಒಂದು ಹೆಕ್ಟೇರಿಗಿಂತ ದೊಡ್ಡ ಜಾಗದಲ್ಲಿ ನೂರಕ್ಕೆ 10 ಭಾಗ ಮರದ ನೆರಳಿದ್ದರೆ ಸಾಕು, ಅದು ಅರಣ್ಯ ಹೊದಿಕೆ. ಯಾವ ಮರ, ಯಾರ ಜಮೀನು ಅಂತ ಕೇಳುವುದಿಲ್ಲ. ಕೇಂದ್ರದ 2021ರ ಅರಣ್ಯ ವರದಿಯಲ್ಲಿ ಕರ್ನಾಟಕದ ಹೊದಿಕೆ 155 ಚದರ ಕಿಲೋಮೀಟರ್ ಹೆಚ್ಚಾಯಿತು ಅಂತ ಓದಿ ಖುಷಿಪಡಬೇಕೋ ಬೇಡವೋ ತಿಳಿಯಲಿಲ್ಲ. ನಮ್ಮ ಮಾಲೂರು ಕಡೆಯ ನೀಲಗಿರಿ ತೋಪುಗಳೂ ಈ ಲೆಕ್ಕದಲ್ಲಿ ಕಾಡೇ ತಾನೇ? ನೀರು ಹೀರುತ್ತದೆ ಅಂತ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ಸರಕಾರವೇ ನಿಲ್ಲಿಸಿತು. ಒಂದು ಇಲಾಖೆಗೆ ಬೇಡವಾದ ಮರ ಇನ್ನೊಂದು ವರದಿಯಲ್ಲಿ ಸಾಧನೆ!

ಹಾಗಂತ ನಮ್ಮಲ್ಲಿ ಅಳೆಯುವವರಿಲ್ಲ ಅಂತಲ್ಲ. 1988ರಲ್ಲೇ ಬರಕ್ಕೆಂದು ನಿಗಾ ಘಟಕ ಕಟ್ಟಿದ ರಾಜ್ಯ ನಮ್ಮದು. ಇವತ್ತು ಪಂಚಾಯಿತಿ ಮಟ್ಟದಲ್ಲಿ 6 ಸಾವಿರಕ್ಕೂ ಜಾಸ್ತಿ ಮಳೆಮಾಪಕಗಳಿವೆ, 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ಇದು ನಿಜಕ್ಕೂ ಹೆಮ್ಮೆಯ ಕೆಲಸ. ಆದರೆ ಮೇಲಿಂದ ಬಿದ್ದ ನೀರಿಗೆ ಇರುವ ಈ ಶಿಸ್ತು ಕೆಳಗಿಂದ ಎತ್ತುವ ನೀರಿಗೆ ಎಲ್ಲಿದೆ? ಸೇರುವುದಕ್ಕಿಂತ ತೆಗೆಯುವುದು ಜಾಸ್ತಿ ಅನ್ನುವ ಪಟ್ಟಿಯಲ್ಲಿ ನಮ್ಮ ಕೋಲಾರ ಜಿಲ್ಲೆಯ ತಾಲ್ಲೂಕುಗಳು ವರ್ಷಗಳಿಂದ ಇವೆ. ಅದು ಇಡೀ ತಾಲ್ಲೂಕಿನ ಲೆಕ್ಕ, ಹೊಲದಲ್ಲಿ ನಿಂತವನಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಯಾವ ಊರಲ್ಲಿ ಎಷ್ಟು ಅಡಿಗೆ ಎಷ್ಟು ಇಂಚು ನೀರು ಅನ್ನುವುದು ಬೋರ್ ಕೊರೆಯುವ ಲಾರಿಯವರಿಗೆ ಮಾತ್ರ ಬಾಯಿಪಾಠ. 1,200 ಅಡಿ ಹೋಗಿ ಬರೀ ಧೂಳು ಬಂದರೂ ಅದನ್ನು ಯಾರೂ ಬರೆದಿಡುವುದಿಲ್ಲ, ಮುಂದಿನ ತಿಂಗಳು ಪಕ್ಕದ ಹೊಲದವರು ಸಾಲ ಮಾಡಿ ಅಲ್ಲೇ ಕೊರೆಸುತ್ತಾರೆ. ಅಂತರ್ಜಲ ಉಳಿಸಲೆಂದು ಕೇಂದ್ರ ತಂದ ಅಟಲ್ ಭೂಜಲ ಯೋಜನೆಯಲ್ಲಿ ನಮ್ಮದೂ ಸೇರಿ 14 ಜಿಲ್ಲೆಗಳ ಪಂಚಾಯಿತಿಗಳಲ್ಲಿ ನೀರಿನ ಬಜೆಟ್, ಅಂದರೆ ಊರಿಗೆ ಸಿಗುವ ನೀರೆಷ್ಟು, ಖರ್ಚೆಷ್ಟು ಅನ್ನುವ ಲೆಕ್ಕ, ಮಾಡಿಸಿದರು. ನಮ್ಮೂರ ಗೋಡೆಯ ಮೇಲೂ ಬರೆದಿದ್ದಾರೆ. ವರ್ಷ ಬದಲಾದರೂ ಅಂಕಿ ಬದಲಾಗಿಲ್ಲ, ಸುಮ್ನೆ ಬಣ್ಣ ಖರ್ಚಾಯಿತು.

ಪ್ರತಿ ಬೋರ್‌ವೆಲ್ಲಿನ ಆಳ, ಸಿಕ್ಕ ನೀರು, ಸುಗ್ಗಿಯಲ್ಲಿ ಎಕರೆಗೆ ಬಂದ ಮೂಟೆ, ಇಷ್ಟನ್ನು ಪಂಚಾಯಿತಿಯಲ್ಲಿ ಬರೆದು ಮಳೆ ಲೆಕ್ಕದ ಪಕ್ಕ ಹಾಕುವುದು ಕಷ್ಟವೇನಲ್ಲ ಅಲ್ವಾ? ನಿಮಗೂ ಒಂದು ಕೋರಿಕೆ ಇದೆ. ಮಳೆಗಾಲದಲ್ಲಿ ಕೆಆರ್‌ಎಸ್, ಆಲಮಟ್ಟಿ, ತುಂಗಭದ್ರಾ ಮಟ್ಟ ದಿನಾ ಹಾಕುತ್ತೀರಿ. ನಮ್ಮ ಅಣೆಕಟ್ಟೆ ನೆಲದ ಕೆಳಗಿದೆ. ಅಂತರ್ಜಲ ಇಲಾಖೆಯವರು ತಿಂಗಳಿಗೊಮ್ಮೆ ವೀಕ್ಷಣಾ ಬಾವಿಗಳಲ್ಲಿ ಮಟ್ಟ ಅಳೆಯುತ್ತಾರೆ. ಅದನ್ನೂ ತಾಲ್ಲೂಕುವಾರು ಅದೇ ಜಾಗದಲ್ಲಿ ಹಾಕಿ.

– ಒಬ್ಬ ರಾಗಿ ಬೆಳೆಗಾರ, ಮಾಲೂರು ತಾಲ್ಲೂಕು